ನಿಂತ ಮಗ್ಗದ ಸದ್ದು

ಒಂಬತ್ತನೇ ಇಯತ್ತೆಯ ಪುಸ್ತಕದಲ್ಲಿ
ಒಡೆಯುತ್ತಿರುವ ಕೋಶದ ಚಿತ್ರ;
ಎರಡು ಕೊನೆಗಳಿಂದ ಹೊರಟ ದಾರಗಳಿಗೆ
ಕದಿರಿನ ಎಳೆ ಅಂತ ಹೆಸರು.
ಕದಿರು ಅಂದರೇನು, ಕೇಳಿದರು ಗುರುಗಳು.
ಇಡೀ ವರ್ಗದಲ್ಲಿ ನನ್ನದೊಂದೇ ಕೈ ಮೇಲೆ.
ಅಲ್ಲ, ಸುಳ್ಳು.
ಸೊಲ್ಲಾಪುರದ ಕನ್ನಡ ಶಾಲೆ ಅದು,
ಮೂವತ್ತು ಕೈ ಒಮ್ಮೆಗೇ ಎದ್ದವು.

ಅಪ್ಪ ಮಳಸಿದ್ದಪ್ಪ, ಅಕ್ಕಲಕೋಟ ರೋಡಿನ ಕಾರಖಾನೆಯಲ್ಲಿ
ಟಾವೆಲ್ಲಿನ ನಾಲ್ಕು ಮಗ್ಗ ನೋಡುತ್ತಿದ್ದ.
ಹಾಸಿನ ಒಂದೊಂದು ಎಳೆಗೂ ಒಂದೊಂದು ಉಕ್ಕಿನ ಪತ್ತಿ,
ಉಗುರಿನಷ್ಟು ತೆಳು,
ಎಳೆಯ ಬಿಗಿಯನ್ನೇ ನಂಬಿ ತೂಗುವುದು.
ಎಳೆ ಹರಿಯಿತೋ, ಪತ್ತಿ ಬಿತ್ತು.
ಪತ್ತಿ ಬಿತ್ತೋ, ಮಗ್ಗ ನಿಂತಿತು.
ಎರಡು ಸಾವಿರ ಎಳೆ ನೆಟ್ಟಗಿದ್ದರೂ
ಹರಿದ ಒಂದರ ಮಾತಿಗೆ ಎಲ್ಲವೂ ಕಾಯಬೇಕು.
"ಯಾವನೋ ಶ್ಯಾಣ್ಯಾ ಮಾಡ್ಯಾನ ಇದನ್ನ," ಅನ್ನುತ್ತಿದ್ದ,
ಗಂಟು ಹಾಕುತ್ತ.

ಈಗ ನಾನು ಆಸ್ಪತ್ರೆಯ ಲ್ಯಾಬಿನಲ್ಲಿ
ಗಾಜಿನ ಪಟ್ಟಿಗೆ ನೇರಳೆ, ಗುಲಾಬಿ ಬಣ್ಣ ಕುಡಿಸಿ
ಮಸೂರದ ಕೆಳಗಿಡುತ್ತೇನೆ. ಅಲ್ಲೂ ಅದೇ ಕೆಲಸ.
ನಲವತ್ತಾರು ಗಂಟು ನಡುಗೆರೆಗೆ ಬಂದು ನಿಲ್ಲಬೇಕು,
ಪ್ರತಿ ಗಂಟಿಗೂ ಎರಡೂ ಕಡೆಯ ದಾರ ಸಿಕ್ಕು ಬಿಗಿಯಬೇಕು.
ಒಂದು, ಒಂದೇ ಒಂದು, ಇನ್ನೂ ಸಡಿಲವಿದ್ದರೆ
ತಡೀರಿ, ತಡೀರಿ, ಅನ್ನುತ್ತಲೇ ಇರುತ್ತದೆ;
ಉಳಿದ ನಲವತ್ತೈದೂ ತಯಾರಾಗಿ
ಉಸಿರು ಹಿಡಿದು ಕಾಯುತ್ತವೆ.

ಅದಕ್ಕೂ ಮುಂಚೆ, ನಕಲು ತೆಗೆಯುವಾಗ,
ಅಕ್ಷರ ತಪ್ಪಿದ್ದರೆ ಅಲ್ಲೇ ನಿಂತು ತಿದ್ದುವುದು.
ತಿದ್ದಲಾಗದಿದ್ದರೆ
ಆ ಕೋಶ ತನ್ನನ್ನು ತಾನೇ ಮಡಚಿಟ್ಟುಬಿಡುತ್ತದೆ.
ಗದ್ದಲವಿಲ್ಲ, ಪಂಚಾಯಿತಿಯಿಲ್ಲ,
ನೆರೆಯವರು ಬಂದು ಚೂರುಚೂರು ಒಯ್ಯುತ್ತಾರೆ.
ಕೆಟ್ಟ ಟಾವೆಲ್ಲನ್ನು ಅಪ್ಪನೂ ಹೀಗೇ ಮಡಚಿ ತರುತ್ತಿದ್ದ;
ನಮ್ಮ ಮನೆಯಲ್ಲಿ ಮುಖ ಒರೆಸಿಕೊಂಡ ಒಂದು ಬಟ್ಟೆಗೂ
ಅಂಚು ನೆಟ್ಟಗಿರಲಿಲ್ಲ.

ಒಂದು ದೀಪಾವಳಿಯ ಮುಂದೆ ಆರ್ಡರು ಬಹಳ.
ಮಗ್ಗ ನಿಲ್ಲುವುದೇ ರೋಗವಾಗಿ ಕಂಡಿತು ಮಾಲಕನಿಗೆ,
ಪತ್ತಿಗಳ ತಂತಿ ಬಿಚ್ಚಿಸಿದ.
ಆ ವಾರ ಒಂದು ಮಗ್ಗವೂ ನಿಲ್ಲಲಿಲ್ಲ.
ಎಳೆ ಹರಿದವು, ಪತ್ತಿ ಬಿದ್ದವು, ಕೇಳುವವರಿಲ್ಲ;
ಬಟ್ಟೆ ಬೆಳೆಯಿತು, ಬೆಳೆಯಿತು,
ಉರುಳೆ ತುಂಬಿ ನೆಲಕ್ಕಿಳಿಯಿತು.
ಎಳೆಗಳಿಗೇನೂ ಹುಚ್ಚು ಹಿಡಿದಿರಲಿಲ್ಲ.
ನಿಲ್ಲು ಅನ್ನುವ ತಂತಿಯೊಂದು
ಗೋಡೆಯ ಮೊಳೆಗೆ ಸುಮ್ಮನೆ ಜೋತಿತ್ತು.

ಇವತ್ತಿನ ಪಟ್ಟಿಗೆ ಹೆಸರಿಲ್ಲ, ನಂಬರು.
ಹೆಣ್ಣು, ಐವತ್ತೆರಡು, ಉದ್ಯೋಗ ಬೀಡಿ ಕಟ್ಟುವುದು,
ಕೆನ್ನೆಯ ಒಳಗಿನ ಚೂರು.
ಹತ್ತು ನೋಟಗಳಲ್ಲಿ ಒಡೆಯುತ್ತಿರುವ ಕೋಶ ಎಷ್ಟು, ಎಣಿಸಬೇಕು.
ಮೊದಲ ನೋಟದಲ್ಲೇ ಆರು.
ಒಂದಕ್ಕೆ ಎರಡಲ್ಲ, ಮೂರು ಕೊನೆ.
ದಾರ ಕಾಣುವುದಿಲ್ಲ ಈ ಬಣ್ಣದಲ್ಲಿ, ಜಗ್ಗಿದ್ದು ಕಾಣುತ್ತದೆ:
ಗಂಟುಗಳು ದಿಕ್ಕೆಟ್ಟಿವೆ, ಕೆಲವು ಹಾದಿಯಲ್ಲೇ ಬಿದ್ದಿವೆ,
ಆದರೂ ಕೆಲಸ ಸಾಗಿದೆ.
ಜೀವನವಿಡೀ ಚೆಕ್ಕರನ ಮುಂದೆ ಕಟ್ಟು ಇಟ್ಟು
ಛಾಟ್ ಬೀಡಿಯ ಬೈಗುಳ ತಿಂದವಳು;
ಅವಳ ಕೆನ್ನೆಯೊಳಗಿನ ಚೆಕ್ಕರ ಎಲ್ಲಿಗೆ ಹೋದ?

"ರತ್ನಮಾಲಾ, ಎಷ್ಟಾತು?" ಶಹಾಪುರೆ ಡಾಕ್ಟರಬಾಯಿ.
"ಇನ್ನೂ ಎಣಸಾಕತ್ತೀನ್ರಿ."

ಮೂವತ್ತು ವರ್ಷದ ಖಟಖಟಕ್ಕೆ ಅಪ್ಪನ ಕಿವಿ ಹೋಗಿತ್ತು,
ಅವ್ವ ಊಟಕ್ಕೆ ಕರೆದದ್ದು ಕೇಳುತ್ತಿರಲಿಲ್ಲ.
ಆದರೆ ನಲವತ್ತು ಮಗ್ಗ ಬಡಿಯುವ ಶೆಡ್ಡಿನಲ್ಲಿ
ಒಂದು ನಿಂತರೆ ತಟ್ಟನೆ ತಲೆಯೆತ್ತುತ್ತಿದ್ದ.
ಹೆಂಗ ಗೊತ್ತಾಗ್ತದ, ಕೇಳಿದ್ದೆ, ಕಿವಿಯಲ್ಲಿ ಕೂಗಿ.
"ಬಡಿಯೋದು ಯಾರಿಗೆ ಬೇಕವ್ವಾ,
ನಿಂತದ್ದು ಕೇಳಸ್ತದ."

ಹೋದ ವಾರ ಬ್ಲೇಡು ತಾಗಿದ ಹೆಬ್ಬೆರಳು
ಈಗ ಕೂಡಿಕೊಂಡಿದೆ.
ಆ ದಂಡೆಯಿಂದ, ಈ ದಂಡೆಯಿಂದ ನಡೆದು ಬಂದ ಚರ್ಮ
ನಡುವೆ ಒಂದನ್ನೊಂದು ಮುಟ್ಟಿ
ಸಾಕು ಅಂದುಕೊಂಡಿದೆ.
ಎಲ್ಲರೂ ಹೋದ ಮೇಲೆ ದೀಪ ಆರಿಸಿ
ಬೆರಳನ್ನು ಕಿವಿಗೆ ಹಿಡಿದೆ.
ಏನೂ ಇಲ್ಲ.
ಇನ್ನಷ್ಟು ಹೊತ್ತು ಹಿಡಿದೇ ನಿಂತೆ.